ಆರು ವಾರ ಎತ್ತಿದ ಕೈ

ಹುಟ್ಟುವಾಗ ನಾನು ನಾಲ್ಕೂವರೆ ಕೆ.ಜಿ. ತೂಗಿದೆ. ಪಾಂಡವಪುರದ ನಮ್ಮ ಬೀದಿಯಲ್ಲಿ ಅಷ್ಟು ತೂಕದ ಕೂಸು ಅದುವರೆಗೆ ಹುಟ್ಟಿರಲಿಲ್ಲ ಎಂದು ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಕೊನೆಯವರೆಗೂ ಹೇಳಿಕೊಂಡು ಓಡಾಡಿದರು. ಆ ತೂಕದ ದೆಸೆಯಿಂದಲೇ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡಿತು, ಕತ್ತಿನಿಂದ ಬಲಗೈಗೆ ಇಳಿಯುವ ನರಗಳು ಜಗ್ಗಿಹೋದವು. ಆ ಭಾಗವನ್ನು ಮಾತ್ರ ದಾದಿ ಹೇಳುತ್ತಿರಲಿಲ್ಲ. ಅದನ್ನು ಅಮ್ಮಿ ಹೇಳುತ್ತಿದ್ದರು.

ಕೈ ಒದ್ದೆ ಟವೆಲ್ಲಿನ ಹಾಗೆ ಜೋತಾಡುತ್ತಿತ್ತಂತೆ. ಮೂರು ತಿಂಗಳೊಳಗೆ ಮೊಣಕೈ ತಾನಾಗಿ ಮಡಿಚದಿದ್ದರೆ ಕಾಲಿನಿಂದ ನರ ತೆಗೆದು ಕತ್ತಿನಲ್ಲಿ ಜೋಡಿಸುವ ವಿಚಾರ ಮಾಡಬೇಕಾಗುತ್ತದೆ, ಅದಕ್ಕೆ ಬಹಳ ತಡ ಮಾಡುವಂತಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಹಾಲು ಉಕ್ಕುವುದನ್ನು ಕಾಯುವ ಹಾಗೆ ಮನೆಯವರೆಲ್ಲ ನನ್ನ ಮೊಣಕೈ ಕಾದರು. ಗಡುವಿಗೆ ನಾಲ್ಕು ದಿನ ಇದೆ ಎನ್ನುವಾಗ ನಾನು ಕೈ ಮಡಿಚಿ ದಾದಿಯ ಮೂಗುತಿ ಹಿಡಿದೆಳೆದೆನಂತೆ. ದಾದಿ ಅತ್ತಿದ್ದು ನೋವಿಗೋ ಸಂತೋಷಕ್ಕೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಹಾಗೆ ನರದ ಆಪರೇಷನ್ ತಪ್ಪಿತು. ಆದರೆ ಭುಜ ಸುಧಾರಿಸಲಿಲ್ಲ. ಕೈ ಒಳಕ್ಕೆ ತಿರುಗಿಕೊಂಡೇ ಬೆಳೆಯಿತು, ಹೆಗಲಿನಿಂದ ಮೇಲಕ್ಕೆ ಏರಲಿಲ್ಲ. ತುತ್ತು ಬಾಯಿಗಿಡಬೇಕಾದರೆ ಕೊಂಬು ಊದುವವರ ಹಾಗೆ ಮೊಣಕೈಯನ್ನು ಪಕ್ಕಕ್ಕೆತ್ತಬೇಕು. ಮದುವೆ ಊಟದಲ್ಲಿ ನನ್ನ ಬಲಗಡೆ ಕೂತವರಿಗೆ ಬಿರಿಯಾನಿಯ ಜೊತೆಗೆ ನನ್ನ ಮೊಣಕೈ ಗುದ್ದೂ ಸಿಗುತ್ತಿತ್ತು. ಗೊತ್ತಿದ್ದವರು ಮೊದಲೇ ಓಡಿಬಂದು ಎಡಗಡೆ ಜಾಗ ಹಿಡಿಯುತ್ತಿದ್ದರು.

ಆರು ವರ್ಷವಾದಾಗ ಅಬ್ಬಾ ನನ್ನನ್ನು ಮೈಸೂರಿನ ಒಬ್ಬ ಸರ್ಜನ್ ಬಳಿಗೆ ಕರೆದುಕೊಂಡು ಹೋದರು. ಅಬ್ಬಾ ಲೇಡೀಸ್ ಟೈಲರು. ನಾಗಮಂಗಲ, ಕೆ.ಆರ್. ಪೇಟೆಯಿಂದಲೂ ಹೆಂಗಸರು ಬಸ್ಸು ಹತ್ತಿ ಬಂದು ಅವರ ಹತ್ತಿರ ರವಿಕೆ ಹೊಲಿಸುತ್ತಿದ್ದರು. ಸರ್ಜನ್ ನನ್ನ ಕೈಯನ್ನು ಹತ್ತು ಕಡೆ ತಿರುಗಿಸಿ ನೋಡಿ, ಕಾಗದದ ಮೇಲೆ ಚಿತ್ರ ಬರೆದು ಶುರುಮಾಡಿದರು.

"ಬೆನ್ನಿನ ಪಕ್ಕದಲ್ಲಿ ಒಂದು ದೊಡ್ಡ ಮಾಂಸಖಂಡ ಇದೆ. ಅದು ಕೈಯನ್ನ ಒಳಕ್ಕೆ ಎಳೆಯುತ್ತೆ. ಅದರ ತುದಿ ಬಿಡಿಸಿ ಭುಜದ ಹಿಂದುಗಡೆ ಹೊಲಿದರೆ, ಅದೇ ಎಳೆತ ಕೈಯನ್ನ ಹೊರಕ್ಕೆ ತಿರುಗಿಸುತ್ತೆ, ಮೇಲಕ್ಕೆ ಎತ್ತೋದಕ್ಕೂ ಸಹಾಯ ಆಗುತ್ತೆ."

"ಅಂದ್ರೆ ಪಟ್ಟಿ ಅದೇಯ, ಹುಕ್ಕಿನ ಜಾಗ ಬದ್ಲಾಯಿಸ್ತೀರಿ," ಎಂದರು ಅಬ್ಬಾ.

ಸರ್ಜನ್ ಒಂದು ಕ್ಷಣ ಯೋಚಿಸಿ, "ಹೌದು, ಹಾಗೇ," ಎಂದರು. "ಇನ್ನೊಂದು ದಾರಿ, ತೋಳಿನ ಮೂಳೆ ಕತ್ತರಿಸಿ, ಸ್ವಲ್ಪ ತಿರುಗಿಸಿ, ಪ್ಲೇಟು ಹಾಕಿ ಕೂರಿಸೋದು. ಅದನ್ನ ಕೀಲು ಆಕಾರ ಕೆಟ್ಟಿರೋ ದೊಡ್ಡ ಮಕ್ಕಳಿಗೆ ಮಾಡ್ತೀವಿ. ಇವಳ ಕೀಲು ಚೆನ್ನಾಗೇ ಇದೆ."

"ತೋಳು ಬಿಚ್ಚಿ ತಿರುಗ್ಸಿ ಕೂರ್ಸೋ ಕೆಲ್ಸ. ನಾನೂ ಮಾಡಿವ್ನಿ ಸಾರ್. ಬಟ್ಟೆ ಕೆಟ್ಟೋದ್ ಮ್ಯಾಲೆ ಬ್ಯಾರೆ ದಾರಿನೇ ಇರಾಕಿಲ್ಲ."

"ನೀವು ಯಾವ ಆಸ್ಪತ್ರೇಲಿ ಇರೋದು?"

"ಆಸ್ಪತ್ರೆ ಅಲ್ಲ ಸಾರ್. ಪಾಂಡವಪುರ. ಲೇಡೀಸ್ ಟೈಲರು."

ಸರ್ಜನ್ ನಕ್ಕು ಪೆನ್ನು ಕೆಳಗಿಟ್ಟರು. ಅಬ್ಬಾ ನಗಲಿಲ್ಲ. ಅವರ ಪ್ರಶ್ನೆಗಳು ಇನ್ನೂ ಮುಗಿದಿರಲಿಲ್ಲ.

"ಬೆನ್ನಲ್ಲಿ ಬಟ್ಟೆ ಕಮ್ಮಿ ಬೀಳಾಕಿಲ್ವಾ ಸಾರ್?"

"ಇಲ್ಲ. ಅಲ್ಲಿ ಬೇರೆ ಮಾಂಸಖಂಡಗಳಿವೆ, ನಿಭಾಯಿಸ್ಕೊಳ್ಳುತ್ವೆ."

"ಟ್ರಯಲ್ ನೋಡಾಕಾಯ್ತದಾ?"

"ಟ್ರಯಲ್ ಇಲ್ಲ. ನೇರ ಡೆಲಿವರಿ."

ಬಸ್ಸಿನಲ್ಲಿ ವಾಪಸು ಬರುವಾಗ ಅಬ್ಬಾ ಒಂದೇ ಒಂದು ಮಾತಾಡಿದರು: "ಕೆಲ್ಸ ಗೊತ್ತಿರೋನು." ಅವರ ಬಾಯಿಂದ ಇನ್ನೊಬ್ಬ ಹೊಲಿಯುವವನ ಬಗ್ಗೆ ಅಂಥ ಮಾತು ಅಲ್ಲಿಯವರೆಗೆ ಬಂದಿರಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಸರ್ಜನ್ ನನ್ನ ಬೆನ್ನಿನ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದರು. ಅಬ್ಬಾ ಬಗ್ಗಿ ನೋಡಿ, "ಗೀಟು ನೀಟಾಗಿ ಅದೆ," ಎಂದು ಹೇಳಿ ಹೊರಗೆ ಹೋದರು. ಅಲ್ಲಿ ಗೋಡೆಗೆ ಮುಖ ಮಾಡಿ ಅತ್ತರಂತೆ. ಅಮ್ಮಿ ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಎಚ್ಚರವಾದಾಗ ನನ್ನ ಬಲಗೈ ಪ್ಲಾಸ್ಟರಿನಲ್ಲಿ ಮೇಲಕ್ಕೆ ನಿಂತಿತ್ತು. ಮೊಣಕೈ ಮಡಿಚಿ, ಅಂಗೈ ಮುಂದಕ್ಕಿಟ್ಟು, ಬೆರಳು ಮಾತ್ರ ಹೊರಗಿಟ್ಟು ಸೊಂಟದವರೆಗೆ ಕಟ್ಟು ಹಾಕಿದ್ದರು. ಆರು ವಾರ ಹೀಗೇ ಇರಬೇಕು ಎಂದರು. ಅಬ್ಬಾ ಮನೆಗೆ ಹೋಗುವ ದಿನಕ್ಕೆಂದು ಬುಗ್ಗೆ ತೋಳಿನ ಹೊಸ ಫ್ರಾಕು ಹೊಲಿದು ತಂದಿದ್ದರು. ಅದು ಈ ಆಕಾರದ ಮೇಲೆ ಯಾವ ಕಡೆಯಿಂದಲೂ ಇಳಿಯಲಿಲ್ಲ. ಮೂರು ತಾಲ್ಲೂಕಿನ ಹೆಂಗಸರ ಅಳತೆ ಬಲ್ಲವರು ಸ್ವಂತ ಮಗಳ ಮುಂದೆ ಸೋತು ನಿಂತರು. ಕೊನೆಗೆ ವಾರ್ಡಿನ ನೆಲದ ಮೇಲೆ ಕೂತು, ಬ್ಲೇಡಿನಲ್ಲಿ ಫ್ರಾಕಿನ ಪಕ್ಕವನ್ನೆಲ್ಲ ಬಿಚ್ಚಿ, ದಾದಿಯ ಹಳೆಯ ದುಪಟ್ಟಾ ಕತ್ತರಿಸಿ ದೊಡ್ಡ ತೋಳು ಮಾಡಿ, ಟಿಚ್ ಬಟನ್ನು ಹಾಕಿದರು. ಎಷ್ಟು ಚೆನ್ನಾಗಿ ಹೊಲಿದರೆಂದರೆ ಒಳಗೆ ಪ್ಲಾಸ್ಟರ್ ಇರುವುದೇ ಗೊತ್ತಾಗುತ್ತಿರಲಿಲ್ಲ.

ತೊಂದರೆ ಶುರುವಾಗಿದ್ದೇ ಅಲ್ಲಿಂದ. ಶ್ರೀರಂಗಪಟ್ಟಣದಲ್ಲಿ ಇಳಿದು ಪಾಂಡವಪುರದ ಬಸ್ಸಿಗಾಗಿ ರಸ್ತೆ ಬದಿಯಲ್ಲಿ ಕಾಯುತ್ತ ನಿಂತೆವು. ಮೊದಲು ಪಾಂಡವಪುರದಲ್ಲಿ ನಿಲ್ಲದ ನಾಗಮಂಗಲದ ಬಸ್ಸು ಬಂದು ಸರಕ್ಕನೆ ನಿಂತಿತು. ಅಮ್ಮಿ ಬೇಡವೆಂದು ತಲೆಯಾಡಿಸಿದರು. ಹಿಂದೆಯೇ ಅಂಥದ್ದೇ ಕೆ.ಆರ್. ಪೇಟೆಯ ಬಸ್ಸು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕೂಗಿದ.

"ಅತ್ತವ್ವ, ಬಿರ್‍ನೆ ಅತ್ತು!"

"ನಮ್ಮ ಬಸ್ಸಲ್ಲ ಅಣ್ಣ," ಎಂದರು ಅಮ್ಮಿ.

"ಅಲ್ದಿದ್ರೆ ಕೂಸು ಯಾಕೆ ಕೈ ಎತ್ಕೊಂಡದೆ?"

"ಅದು ಇಳಿಯಾಕಿಲ್ಲ ಅಣ್ಣ."

"ಇಳಿಯೋದು ಆಮ್ಯಾಕೆ ನೋಡುವಾ, ಮೊದ್ಲು ಅತ್ತಿ!"

ಅಬ್ಬಾ ಟಿಚ್ ಬಟನ್ನು ಬಿಚ್ಚಿ ಪ್ಲಾಸ್ಟರ್ ತೋರಿಸಿದ ಮೇಲೆಯೇ ಆ ಬಸ್ಸು ಹೊರಟಿದ್ದು. ಮೂರನೆಯದಾಗಿ ಒಂದು ಕಬ್ಬಿನ ಟ್ರಾಕ್ಟರು ನಿಂತಾಗ ಅಮ್ಮಿ ನನ್ನನ್ನು ಒಂದು ಬೇವಿನ ಮರದ ಹಿಂದೆ ನಿಲ್ಲಿಸಿದರು.

ಎರಡು ವಾರದ ಮೇಲೆ ಸ್ಕೂಲಿಗೆ ಹೋದೆ. ನಮ್ಮ ಮೇಡಂಗೆ ವಿಷಯ ಗೊತ್ತಿತ್ತು. ಆದರೆ ಒಂದು ದಿನ ಅವರು ರಜೆ ಹಾಕಿದಾಗ ಕಿಕ್ಕೇರಿ ಕಡೆಯ ಒಬ್ಬ ಹೊಸ ಮೇಷ್ಟ್ರು ನಮ್ಮ ಎರಡನೇ ಕ್ಲಾಸಿಗೆ ಬಂದರು. ಏಳರ ಮಗ್ಗಿ ಯಾರಿಗೆ ಬರುತ್ತದೆ ಎಂದು ಕೇಳಿದರು. ಕೈ ಎತ್ತಿದ್ದವಳು ನಾನೊಬ್ಬಳೇ. ನನಗೆ ಬರುತ್ತಿರಲಿಲ್ಲ. ಏಳು ಮೂರ್ಲಿ ಇಪ್ಪತ್ತೊಂದರವರೆಗೆ ಹೋಗಿ ನಿಂತೆ.

"ಪರವಾಗಿಲ್ಲ, ಧೈರ್ಯ ಮೆಚ್ಚಬೇಕು. ಕೂತ್ಕೋ," ಎಂದರು. ಕೂತೆ. ಕೈ ಹಾಗೇ ಇತ್ತು.

"ಇನ್ನೇನಮ್ಮ? ಒಂದಕ್ಕೆ ಹೋಗಬೇಕಾ?"

ನಾನು ಹೆದರಿ ಹೂಂ ಎಂದೆ. ಹೊರಗೆ ಹೋಗಿ ಕೊಳಾಯಿಯ ಹತ್ತಿರ ಸುಮ್ಮನೆ ನಿಂತಿದ್ದು ಬಂದೆ. ಐದು ನಿಮಿಷಕ್ಕೆ ಮತ್ತೆ ಕಳಿಸಿದರು. ನಾಲ್ಕನೇ ಸಲ ಅವರಿಗೆ ನಿಜವಾಗಿಯೂ ಗಾಬರಿಯಾಗಿ ಹೆಡ್ ಮಾಸ್ಟರ ಹತ್ತಿರ ಹೋಗಿ, ಮಗುವಿಗೆ ಸಕ್ಕರೆ ಕಾಯಿಲೆ ಇರಬಹುದು, ಮನೆಯವರಿಗೆ ಹೇಳಿ ಕಳಿಸಿ ಎಂದರು. ಅವತ್ತು ಸಂಜೆಯೇ ಅಬ್ಬಾ ಫ್ರಾಕಿನ ತೋಳು ಕತ್ತರಿಸಿ ಪ್ಲಾಸ್ಟರ್ ಎಲ್ಲರಿಗೂ ಕಾಣುವ ಹಾಗೆ ಮಾಡಿದರು. ಒಳ್ಳೆಯ ಹೊಲಿಗೆಯನ್ನು ಹಾಳು ಮಾಡಬೇಕಾಯಿತಲ್ಲ ಎಂದು ಅವರಿಗೆ ಬಹಳ ಬೇಜಾರಾಗಿತ್ತು.

ಆರು ವಾರವಾಗಿ ಪ್ಲಾಸ್ಟರ್ ಬಿಚ್ಚಿದ ದಿನ ಮನೆಯವರೆಲ್ಲ ನನ್ನ ಸುತ್ತ ಕೂತರು. "ಎತ್ತು ಬೇಟಿ," ಎಂದರು ದಾದಿ. ಎತ್ತಲು ನೋಡಿದೆ. ಬೆರಳೊಂದು ಅಲುಗಿತು ಅಷ್ಟೆ. ಇಷ್ಟು ದಿನ ಬೇಡವೆಂದರೂ ಮೇಲಿದ್ದ ಕೈ ಈಗ ಬೇಕೆಂದರೂ ಏರಲಿಲ್ಲ. ದಾದಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು. ನಾನು ತಪ್ಪು ಮಾಡಿದವಳಂತೆ ಕೂತಿದ್ದೆ. ಇದು ಹೀಗೇ, ಕೆಲಸ ಬದಲಾಗಿರುವುದು ಆ ಮಾಂಸಖಂಡಕ್ಕೆ ಇನ್ನೂ ಗೊತ್ತಾಗಿಲ್ಲ, ತಿಂಗಳುಗಟ್ಟಲೆ ಕಲಿಸಬೇಕು ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಸಮಾಧಾನ ಮಾಡಿದರು.

ಮೇಡಂ ಹೇಳಿಕೊಟ್ಟ ವ್ಯಾಯಾಮ ನನಗೆ ಬೇಜಾರು. ಆದ್ದರಿಂದ ಆ ಮೇಡಂ ಅವರನ್ನೇ ಕೇಳಿ ಅಬ್ಬಾ ಒಂದು ಉಪಾಯ ಮಾಡಿದರು. ಹೊಲಿದ ರವಿಕೆಗಳನ್ನು ಅಂಗಡಿಯಲ್ಲಿ ಒಂದು ಹಗ್ಗಕ್ಕೆ ನೇತುಹಾಕಿದರು. ಗಿರಾಕಿ ಬಂದರೆ ನಾನು ಬಲಗೈಯಲ್ಲೇ ತೆಗೆದುಕೊಡಬೇಕು. ಒಂದೊಂದು ವಾರ ಹಗ್ಗ ಒಂದೊಂದು ಬೆರಳು ಮೇಲೇರುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲ, ನಾನು ಕುಳ್ಳಗಾಗುತ್ತಿದ್ದೇನೆ ಅಂದುಕೊಂಡಿದ್ದೆ.

ಒಂದು ಸಂತೆಯ ದಿನ ದೇವಲಾಪುರದ ಹೆಂಗಸೊಬ್ಬರು ಬಂದರು. ಅವರ ಬಸ್ಸಿಗೆ ಹತ್ತು ನಿಮಿಷವಿತ್ತು. ನಾನು ಕೈ ಚಾಚಿದೆ. ಎಟುಕಲಿಲ್ಲ.

"ಬಸ್ಸು ಒಂಟೋಯ್ತದೆ ಕಣವ್ವ, ನಾನೇ ತಕ್ಕೊತೀನಿ ಬುಡು."

"ಬ್ಯಾಡಿ ಅಕ್ಕ, ಅವ್ಳೇ ಕೊಡ್ಬೇಕು," ಎಂದರು ಅಬ್ಬಾ.

"ಇದೇನ್ ರವಿಕೆ ಈಸ್ಕೊಳದೋ ಪರೀಕ್ಷೆ ಬರ್‍ಯೋದೋ!"

ಎಂದವರು ಆಮೇಲೆ ತಾವೇ ಚೀಲ ಕೆಳಗಿಟ್ಟು ನನ್ನ ಜೊತೆ ಉಸಿರು ಬಿಗಿಹಿಡಿದರು. "ಇನ್ನೊಸಿ... ಇನ್ನೊಸಿ ಕಣ್ ಮಗ... ಅಂಗೇ!" ಹೊರಗೆ ಬಸ್ಸು ಹಾರನ್ನು ಹೊಡೆದು ಹೊರಟುಹೋಯಿತು. ಅಷ್ಟರಲ್ಲಿ ನನ್ನ ಕೈ ತಲೆಯನ್ನು ದಾಟಿ ಹಗ್ಗ ಮುಟ್ಟಿತು. ರವಿಕೆ ಕೆಳಗೆ ಬಂತು. ಅಬ್ಬಾ ಕತ್ತರಿ ಹಿಡಿದುಕೊಂಡೇ ಎದ್ದು ನಿಂತುಬಿಟ್ಟರು. ಆ ಹೆಂಗಸು ನನ್ನ ಕೆನ್ನೆ ಸವರಿ, ರವಿಕೆ ಬಿಡಿಸಿ ನೋಡಿ,

"ಅಯ್ಯೋ, ಇದು ನಂದಲ್ವಲ್ಲ," ಎಂದರು.

ಈಗ ನಾನು ಕೆ.ಆರ್. ಪೇಟೆಯ ಒಂದು ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಬೋರ್ಡಿನ ಮೇಲಿನ ಸಾಲಿನವರೆಗೆ ಬಲಗೈ ಹೋಗುತ್ತದೆ. ಅದಕ್ಕಿಂತ ಮೇಲೆ ಬರೆಯುವಂಥದ್ದೇನೂ ಇರುವುದಿಲ್ಲ. ಜಡೆ ನಾನೇ ಹಾಕಿಕೊಳ್ಳುತ್ತೇನೆ. ಒಂದು ನಷ್ಟವೂ ಆಗಿದೆ: ಹೊರಕ್ಕೆ ತಿರುಗಲು ಕಲಿತ ಕೈ ಬೆನ್ನ ಹಿಂದಕ್ಕೆ ಹೋಗುವುದನ್ನು ಮರೆತಿದೆ. ಬೆನ್ನು ತುರಿಸಿದರೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುತ್ತೇನೆ. ಮೊನ್ನೆ ಹಾಗೆ ಉಜ್ಜಿಕೊಳ್ಳುತ್ತಿರುವಾಗ ಹೆಡ್ ಮಾಸ್ಟರು ಬಂದು, ಏನೂ ನೋಡದವರಂತೆ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಹೋದರು. ಮಾರನೆಯ ದಿನ ನನ್ನ ಮೇಜಿನ ಮೇಲೆ ಉದ್ದನೆಯ ಮರದ ಸ್ಕೇಲೊಂದು ಇತ್ತು.