ಹೆಸರಿಗೆ ಬಿಟ್ಟ ಜಾಗ

ನಮ್ಮೂರು ಓಡೈಪಟ್ಟಿಯ ತೋಟದಿಂದ ನನ್ನ ತಮ್ಮ ಕಳಿಸಿದ ಪನ್ನೀರು ದ್ರಾಕ್ಷಿಯ ಪೆಟ್ಟಿಗೆ ಬಿಚ್ಚಿದೆ ನೋಡಿ, ದಿಂಡಿಗಲ್ಲಿನ ನಮ್ಮ ಅಡುಗೆಮನೆ ತುಂಬ ಅವ್ವನ ಸೀರೆಯ ವಾಸನೆ. ಅವ್ವ ಅಂದರೆ ನಮ್ಮಪ್ಪನ ತಾಯಿ.

ನಿಮಗೆ ಯಾವ ಹಾಡು ಇಷ್ಟ ಎಂದು ಯಾರಾದರೂ ಕೇಳಿದರೆ, ಹಳೇ ಸಿನಿಮಾ ಹಾಡು ಎಂದುಬಿಡುತ್ತೇನೆ. ಒಪ್ಪಾರಿ, ಸತ್ತವರ ಸುತ್ತ ಕೂತು ಹೆಂಗಸರು ಅಳುತ್ತ ಹಾಡುತ್ತಾರಲ್ಲ ಅದು, ಎಂದು ನಿಜ ಹೇಳಿದರೆ ಎದುರಿಗಿದ್ದವರು ಕಾಫಿ ಲೋಟ ಕೆಳಗಿಡುತ್ತಾರೆ. ಕಾನ್ವೆಂಟಿನ ಸಿಸ್ಟರುಗಳು ಅಳು ಬಂದರೆ ಕರ್ಚೀಫು ಹಿಡಿಯಲು ಕಲಿಸಿದರು. ಬಾಯಿಬಿಟ್ಟು ಅಳುವುದನ್ನು ಅವ್ವ ಕಲಿಸಿದಳು. ಬೀದಿಯಲ್ಲಿ ತಮಿಳಿನ ನಡುವೆ ಮುದುರಿಕೊಳ್ಳುವ ನಮ್ಮ ಮನೆಮಾತಾದ ಕನ್ನಡ ಆ ಹಾಡಿನಲ್ಲಿ ಮಾತ್ರ ಕೈಕಾಲು ಚಾಚುತ್ತಿತ್ತು.

ಕಲಿಯುವುದಕ್ಕೂ ಕಟ್ಟಳೆ ಇತ್ತು. ಸೂರಿನ ಕೆಳಗೆ ಹಾಡಬಾರದು, ತೋಟಕ್ಕೇ ಹೋಗಬೇಕು. ಸತ್ತವರ ಹೆಸರು ಬರುವಲ್ಲಿ ಯಾರ ಹೆಸರೂ ಇಡದೆ ಒಂದು ಉಸಿರಿನಷ್ಟು ಸುಮ್ಮನಿರಬೇಕು.

“ಪಂದಲ್ ನೆಳ್ಳಲ್ಲಿ ಕುಂತಿದ್ದೋಳೇ...” ಎಂದು ಅವ್ವ ಎಳೆದು ನಿಲ್ಲಿಸಿದರೆ, ದ್ರಾಕ್ಷಿ ಚಪ್ಪರದ ಕೆಳಗೆ ಜೀರುಂಡೆಗಳೂ ನಿಂತ ಹಾಗಾಗುತ್ತಿತ್ತು. ಆ ಉಸಿರಿನಲ್ಲೇ ಅವ್ವ ಪಕ್ಕದ ಖಾಲಿ ನೆಲದತ್ತ ಕತ್ತು ಹೊರಳಿಸಿ, ಬಂದವರಿಗೆ ಜಾಗ ಬಿಡುವವಳಂತೆ ಸೀರೆ ಸರಿಸಿಕೊಳ್ಳುತ್ತಿದ್ದಳು. ಆಮೇಲೆ, “ನೀರೂ ಕುಡೀದೆ ಎದ್ದೋದ್ಯಾ.”

“ಯಾರವ್ವಾ ಅಲ್ಲಿ?”

“ನೋಡಬ್ಯಾಡ ನನ್ ಕಣ್ಣೇ, ನೀ ಪಾಡು. ಜಾಗ ಬುಟ್ರೆ ಯಾರಾರ ಕುಂತ್ಕತಾರೆ.” ಹಾಗೆಂದು ತಾನೇ ನಕ್ಕಳು. “ನಾ ಸತ್ತಾಗ ಆ ಜಾಗದಾಗೆ ನನ್ ಹೆಸರ ಇಕ್ಕು. ಇಕ್ದಿದ್ರೆ ನಂಗೆ ಎದ್ದೋಗಾಕಾಗಲ್ಲ.”

ಅವ್ವ ಸತ್ತಾಗ ದುಡ್ಡು ಕೊಟ್ಟು ಮೈಕಿನಲ್ಲಿ ಹಾಡುವ ಒಪ್ಪಾರಿಯವರನ್ನು ಕರೆಸಿದರು. ತಮಿಳಿನಲ್ಲಿ ಚೆನ್ನಾಗಿಯೇ ಹಾಡಿದರು. ಸ್ಪೀಕರಿನ ಆ ಸದ್ದಿನಲ್ಲಿ ನಾನು ಅವ್ವನ ಹಾಡು ಎತ್ತಲಿಲ್ಲ, ಅವಳ ಹೆಸರು ಇಡಲಿಲ್ಲ. ಕರ್ಚೀಫು ಹಿಡಿದು ನಿಂತೆ.

ಅಂದಿನಿಂದ ಆ ಹಾಡನ್ನು ಕೆಲಸದ ನಡುವೆ ಗುನುಗುತ್ತಲೇ ಇದ್ದೇನೆ, ಸೂರಿನ ಕೆಳಗೇ, ಹೆಸರಿನ ಜಾಗ ಖಾಲಿಯಾಗಿಯೇ.

ಇವತ್ತು ದ್ರಾಕ್ಷಿ ತೊಳೆಯುತ್ತಿದ್ದೆ. ಹಿಂದಿನಿಂದ ಅದೇ ಹಾಡು ಕೇಳಿತು. ಮೇಜಿನ ಬಳಿ ಮಗಳು. ನಮ್ಮ ಮಾತು ಅವಳಿಗೆ ಅರ್ಥವಾಗುತ್ತದೆ, ಆಡಲು ಬಾರದು. ನಾನು ಕಲಿಸಿದವಳಲ್ಲ, ಅವಳು ಅವ್ವನನ್ನು ಕಂಡವಳೂ ಅಲ್ಲ. “ಕುಂತಿದ್ದೋಳೇ...” ಎಂದು ಎಳೆದು ನಿಲ್ಲಿಸಿದಳು. ಪಕ್ಕದ ಖಾಲಿ ಕುರ್ಚಿಯತ್ತ ಕತ್ತು ಹೊರಳಿಸಿ ದುಪಟ್ಟಾ ಸರಿಸಿಕೊಂಡಳು.

ನಲ್ಲಿ ನಿಲ್ಲಿಸಿದೆ.

“ಅಮ್ಮಾ, ಇಲ್ಲಿ ಒಂದು ಹೆಸರು ಬರಬೇಕಲ್ಲ?” ತಮಿಳಿನಲ್ಲಿ ಕೇಳಿದಳು. “ಬಾಯಿಗೆ ಬರ್ತಾ ಇದೆ. ಇರು, ಹೇಳ್ತೀನಿ.”

ಒಪ್ಪಾರಿಯಲ್ಲಿ ಬದುಕಿರುವ ಯಾರ ಹೆಸರು ಹೇಳಿಬಿಡುತ್ತಾಳೋ. ಅವಳು ಬಾಯಿ ತೆರೆಯುವ ಮೊದಲೇ ಅವ್ವನನ್ನು ಹೆಸರು ಹಿಡಿದು ಕೂಗಿದೆ, “ಕೆಂಚಮ್ಮಾ!” ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹಾಡಿದೆ, “ನೀರೂ ಕುಡೀದೆ ಎದ್ದೋದ್ಯಾ.” ಬಾಯಿಬಿಟ್ಟು ಅತ್ತೆ. ಕರ್ಚೀಫು ಹುಡುಕಲಿಲ್ಲ.

ಮಗಳು ಗಾಬರಿಯಾಗಿ ಒಂದು ಲೋಟ ನೀರು ತಂದಳು. ನಾನು ಅದನ್ನು ಕುಡಿಯದೆ ಆ ಕುರ್ಚಿಯ ಮುಂದಿಟ್ಟೆ. ಈಗ ಗುನುಗಿ ನೋಡುತ್ತೇನೆ, ಹಾಡು ಎಲ್ಲೂ ನಿಲ್ಲುವುದಿಲ್ಲ. ಮನೆ ಒಂದು ಆಳಿನಷ್ಟು ಖಾಲಿಯಾಗಿದೆ.