ಕಾಜಾ ಅತ್ತೆಗೆ ಸಿಗದ ಡಬ್ಬಿ

ಹೊಸ ಜೀನ್ಸ್ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಬಳ್ಳಾರಿಯ ಗಾಂಧಿನಗರದ ನಮ್ಮ ಲ್ಯಾಬಿಗೆ ಬಂದ ಹೆಂಗಸಿನ ಸೀರೆಯಿಂದ ಅದೇ ವಾಸನೆ ಬಂತು. ತಲೆ ಎತ್ತಿದರೆ, ಕಾಜಾ ಅತ್ತೆಯ ಮಗಳು.

“ನನಗೂ ಒಮ್ಮೆ ನೋಡಣ್ಣ. ಅವ್ವಗ ಆಗಿತ್ತಲ್ಲ.”

ಅತ್ತೆ ಎಂದರೆ ಸಂಬಂಧಿಯಲ್ಲ, ಬ್ರೂಸ್‌ಪೇಟೆಯಲ್ಲಿ ನಮ್ಮ ಪಕ್ಕದ ಮನೆಯವಳು. ಜೀನ್ಸ್ ಪ್ಯಾಂಟಿನ ಗುಂಡಿಗೆ ಕಾಜಾ ಹೊಡೆಯುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ಟೂಲು, ಬೆರಳೆಲ್ಲ ನೀಲಿ. ಆ ಬೆರಳಲ್ಲೇ ನನ್ನ ಕೆನ್ನೆ ಹಿಂಡುತ್ತಿದ್ದಳು. ಬೈದರೆ ಇನ್ನೊಂದು ಕೆನ್ನೆಯನ್ನೂ ಬಿಡುತ್ತಿರಲಿಲ್ಲ...

ಮಲದಲ್ಲಿ ರಕ್ತ ಬೀಳತೊಡಗಿದಾಗ ಅತ್ತೆ ಬಹಳ ದಿನ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಓಣಿಗೆ ಓಣಿಯೇ ಡಾಕ್ಟರಾಯಿತು. ಕೂತು ಹೊಲಿಯುವವರಿಗೆ ಮೂಲವ್ಯಾಧಿ ಬರದೆ ಇನ್ನೇನು ಬರುತ್ತದೆ ಎಂದರು. ಉಷ್ಣ, ಖಾರ ಬಿಡು, ಎಳನೀರು ಕುಡಿ ಎಂದರು. ನಮ್ಮ ಬಳ್ಳಾರಿಯಲ್ಲಿ ಏನೇ ಆದರೂ ಬಿಸಿಲಿನ ತಲೆಗೆ ಕಟ್ಟಿದರೆ ಮುಗಿಯಿತು. ಗಂಡ ಸಿರುಗುಪ್ಪದ ನಾಟಿ ವೈದ್ಯನ ಹತ್ತಿರ ಕರೆದೊಯ್ದ. ಅವನು ನಾಡಿ ಹಿಡಿದು ಪುಡಿ ಕೊಟ್ಟು ಕಳಿಸಿದ. ಕೊನೆಗೆ ಒಬ್ಬ ಡಾಕ್ಟರು ಮಾತ್ರ ಕರುಳಿಗೆ ಕ್ಯಾಮೆರಾ ಇಳಿಸಿ ನೋಡಲೇಬೇಕೆಂದರು. ಆಗಷ್ಟೇ ಲ್ಯಾಬ್ ಕೋರ್ಸ್ ಸೇರಿದ್ದ ನಾನು ಮಾಡಿಸಿಕೋ ಎಂದು ಅತ್ತೆಯನ್ನು ಅಂಗಲಾಚಿದೆ.

“ಅಲ್ಲಿ ಪೈಪ್ ಹಾಕ್ತಾರಂತಲೇ. ಗಂಡಸು ಡಾಕ್ಟ್ರ ಮುಂದ ನಾ ಹೆಂಗ ಮಲಗಲಿ? ಸತ್ರೂ ಒಲ್ಲೆ.”

ಮಾತಿಗೆ ತಪ್ಪಲಿಲ್ಲ. ಹೊಟ್ಟೆ ಊದಿಕೊಂಡು ಆಸ್ಪತ್ರೆ ಸೇರುವ ಹೊತ್ತಿಗೆ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ತವರೂರು ಕುರುಗೋಡಿನಲ್ಲಿ ಮಣ್ಣು ಮಾಡಿದೆವು. ಮಣ್ಣಿಗೆ ಬಂದವರೂ ಉಷ್ಣದ ಮಾತೇ ಆಡುತ್ತಿದ್ದರು. ಒಬ್ಬೊಬ್ಬರ ಬಾಯಿಗೂ ಮಣ್ಣು ಹಾಕಬೇಕೆನಿಸಿತ್ತು ನನಗೆ.

ಈಗ ಪ್ರಯೋಗಕ್ಕೆಂದು ನಮ್ಮ ಲ್ಯಾಬಿಗೆ ಅಂಗೈಯಗಲದ ಡಬ್ಬಿಗಳು ಬಂದಿವೆ. ಒಳಗೆ ಬಯೋಸೆನ್ಸರ್ ಎಂಬ ಸಣ್ಣ ಪಟ್ಟಿ, ಜೊತೆಗೊಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಚೂರು ಮಲ ತೆಗೆದು ಪಟ್ಟಿಗೆ ಸವರಿದರೆ, ಕರುಳಿನ ಗಡ್ಡೆ ಬಿಟ್ಟ ಗುರುತನ್ನು ಅದು ಹಿಡಿಯುತ್ತದೆ. ಎಲ್ಲವೂ ಮನೆಯಲ್ಲೇ, ಬಾಗಿಲು ಹಾಕಿಕೊಂಡು. ಯಾರ ಮುಂದೆಯೂ ಸೀರೆ ಸರಿಸಬೇಕಿಲ್ಲ. ಗುರುತು ಸಿಕ್ಕಿದರೆ ಆಮೇಲೆ ಕ್ಯಾಮೆರಾ ತಪ್ಪದು, ನಿಜ. ಆದರೆ ಅತ್ತೆಯ ಕಾಲದಲ್ಲೇ ಇದಿದ್ದು, ಪಟ್ಟಿಯೇ ಗಡ್ಡೆಯ ಅನುಮಾನ ಎಂದಿದ್ದರೆ ಉಷ್ಣ ಎನ್ನಲು ಯಾರಿಗೆ ಬಾಯಿ ಬರುತ್ತಿತ್ತು?

ಇಷ್ಟನ್ನೂ ಅತ್ತೆಯ ಮಗಳಿಗೆ ವಿವರಿಸಿದೆ. ಅವಳು ಕಡ್ಡಿಯನ್ನೇ ನೋಡುತ್ತ ನಿಂತಳು.

“ಇಷ್ಟೇನಣ್ಣ? ಇದಕ್ಕಾದ್ರ ನಮ್ಮವ್ವ ಒಲ್ಲೆ ಅಂತಿದ್ದಿಲ್ಲ.”

ನಾನು ಡಬ್ಬಿ ಮುಂದೆ ಹಿಡಿದೆ. ತೆಗೆದುಕೊಳ್ಳಲು ಚಾಚಿದ ಬೆರಳುಗಳೂ ನೀಲಿಯಾಗಿದ್ದವು.