ಹಲಸಿನ ಹಲಗೆಯ ಸ್ಪೀಕರ್ ಪೆಟ್ಟಿಗೆ

ಮನೆ ಓನರ್ ತಾತನ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಈರುಳ್ಳಿ ಸಿಪ್ಪೆಯಂತೆ ಸುಲಿದು ನೆಲಕ್ಕೆ ಉದುರಿಸುತ್ತಿದ್ದರು. ಸಾತನೂರು ಕಡೆಯಿಂದ ರಾಮನಗರದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ನಾನು ಅವರ ಹಿಂದಿನ ಕೋಣೆಗೆ ಬಾಡಿಗೆಗಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮುಂದಿನ ಮನೆಯಲ್ಲಿ ತಾತ ಒಬ್ಬರೇ. ಜೊತೆಗೆ ಹಜಾರದ ತುಂಬ ಅವರು ಕಟ್ಟಿದ ಸ್ಪೀಕರ್ ಪೆಟ್ಟಿಗೆಗಳು.

"ಸ್ಪೀಕರ್ ಬರೀ ಬಾಯಿ ಕಣವ್ವ, ಪೆಟ್ಟಿಗೆನೇ ಎದೆ" ಅನ್ನೋರು. ಹಲಗೆ ತೆಳ್ಳಗಾದರೆ ಅದೇ ಗಡಗಡ ಅಂದು ಹಾಡನ್ನು ಕೆಡಿಸುತ್ತದೆ, ಪೆಟ್ಟಿಗೆ ಚಿಕ್ಕದಾದರೆ ದನಿ ಉಸಿರುಗಟ್ಟುತ್ತದೆ ಎಂದು ಹಲಸಿನ ದಪ್ಪ ಹಲಗೆಯನ್ನೇ ಹುಡುಕಿ ತರುತ್ತಿದ್ದರು. ಒಳಗೆ ದನಿ ಮಾರ್ದನಿಸದಂತೆ ಹಳೇ ದಿಂಬಿನ ಹತ್ತಿ ತುಂಬುತ್ತಿದ್ದರು. ಅದು ಹೆಂಡತಿಯ ದಿಂಬು ಎಂದು ಒಂದೇ ಒಂದು ಸಲ ಹೇಳಿದ್ದರು. ಆಗ ಅಂಗಡಿಗಳಲ್ಲೆಲ್ಲ ಅಂಗೈಯಗಲದ ಪ್ಲಾಸ್ಟಿಕ್ ಸ್ಪೀಕರುಗಳು ಬಂದಿದ್ದವು. ಅಂಥದ್ದೊಂದನ್ನು ತಿರುಗಿಸಿ ನೋಡಿ, "ಇದ್ರೊಳಗೆ ತಮಟೆ ಎಲ್ಲವ್ವ ಕೂತ್ಕಬೇಕು?" ಎಂದು ನಕ್ಕಿದ್ದರು.

ಆದರೆ ತಾತನಿಗೇ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಹರೆಯವನ್ನೆಲ್ಲ ಮೈಕ್‌ಸೆಟ್ಟಿನ ಹಾರನ್ನುಗಳ ಕೆಳಗೆ ಕಳೆದ ಅವರಿಗೆ ಕೀರಲು ದನಿಗಳು ಕೇಳುತ್ತಲೇ ಇರಲಿಲ್ಲ. ಕುಕ್ಕರ್ ಕೂಗಿದರೆ ನಾನೇ ಓಡಿಹೋಗಿ ಒಲೆ ಆರಿಸಬೇಕಿತ್ತು. ಕಟ್ಟಿದ ಪೆಟ್ಟಿಗೆಯೆಲ್ಲ ಮಂಕಾಗಿ ಕೇಳುತ್ತದೆ ಅಂದುಕೊಂಡು, ಸಣ್ಣ ದನಿಗೆಂದು ಹಾಕುವ ಟ್ವೀಟರನ್ನು ಒಂದಕ್ಕೆ ಎರಡು ಮಾಡಿ ಕೂರಿಸುತ್ತಿದ್ದರು. ಗಿರಾಕಿಗಳು ಮನೆಗೊಯ್ದು ಸದ್ದಿಲ್ಲದೆ ಅದನ್ನು ಕಿತ್ತು ಹಾಕುತ್ತಿದ್ದರು, ಇಲ್ಲವೇ ಈ ಕಡೆ ತಲೆ ಹಾಕುತ್ತಿರಲಿಲ್ಲ. ದೊಡ್ಡವರಿಗೆ ಹೇಗೆ ಹೇಳೋದು ಅಂತ ಎಲ್ಲರೂ ಮರ್ಯಾದಸ್ಥರೇ. ನಾನೂ ಅಷ್ಟೇ.

ಒಮ್ಮೆ ನಮ್ಮ ಬೀದಿಯ ಭಜನೆಯವರು ಒಂದು ಜೊತೆ ಮಾಡಿಸಿಕೊಂಡರು. ಮೊದಲ ಹಾಡಿಗೇ ಮಕ್ಕಳು ಕಿವಿ ಮುಚ್ಚಿಕೊಂಡವು. ದೊಡ್ಡವರು ಹಲ್ಲು ಕಿರಿದು "ಚೆನ್ನಾಗೈತೆ ಯಜಮಾನ್ರೆ" ಅಂದರು. ತಾತ ನೋಡಿದ್ದು ಮಕ್ಕಳ ಕೈಗಳನ್ನು.

"ನಿಜ ಹೇಳವ್ವ. ನನ್ ಪೆಟ್ಟಿಗೆ ಕಿರುಚ್ತದಾ?" ಎಂದು ಮನೆಗೆ ಮರಳುವ ದಾರಿಯಲ್ಲಿ ನನ್ನನ್ನು ಕೇಳಿದರು.

"ಹೂಂ ತಾತ. ಕಿವಿಗೆ ಸೂಜಿ ಚುಚ್ದಂಗಾಯ್ತದೆ."

ಆಮೇಲೆ ಹಜಾರದಿಂದ ಗರಗಸದ ಸದ್ದೂ ಇಲ್ಲ, ಹಾಡೂ ಇಲ್ಲ. ದಿನವಿಡೀ ಮಿಷನ್ನುಗಳ ಗದ್ದಲ ಕೇಳಿ ಬಂದು ಆ ಹಾಡುಗಳಿಗೆ ಶಾಪ ಹಾಕುತ್ತಿದ್ದವಳು ನಾನು. ಈಗ ತಟ್ಟೆ ಮುಂದಿಟ್ಟುಕೊಂಡು ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದೆ.

ಭಾನುವಾರ ಅವರೇ ಬಾಗಿಲು ತಟ್ಟಿದರು. "ಬಾರವ್ವ. ತಳದ ದಪ್ಪ ದನಿ ನನ್ ಅಂಗೈ ನೋಡ್ಕತದೆ. ಮೇಲಿನ ಸಣ್ಣ ದನಿ ನೀನ್ ನೋಡು."

ಭಜನೆಯವರ ಪೆಟ್ಟಿಗೆಗಳು ವಾಪಸ್ ಬಂದಿದ್ದವು. ತಾತ ಹಲಗೆಯ ಮೇಲೆ ಅಂಗೈಯಿಟ್ಟು ಕೂತರು, ನಾನು ಎದುರಿಗೆ. ದನಿ ಚುಚ್ಚಿದರೆ ಕೈ ಎತ್ತುತ್ತಿದ್ದೆ, ಅವರು ಟ್ವೀಟರನ್ನು ತಗ್ಗಿಸುತ್ತಿದ್ದರು. ಸೂಜಿ ಮುರಿಯುವ ಮುಂಚೆ ಮಿಷನ್ನಿನ ದನಿ ಬದಲಾಗುವುದು ನನಗೆ ತಿಳಿಯುತ್ತದೆ. ಫ್ಯಾಕ್ಟರಿಯಲ್ಲಿ ಆ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಆ ಊರಿನಲ್ಲಿ ನನ್ನಿಂದ ಒಬ್ಬರಿಗೆ ಏನೋ ಬೇಕಾಗಿದ್ದು ಅದೇ ಮೊದಲು. ಪೆಟ್ಟಿಗೆ ಹದಕ್ಕೆ ಬಂತು, ಮುಂದಿನ ಭಜನೆಯಲ್ಲಿ ಮಕ್ಕಳು ಕಿವಿ ಮುಚ್ಚಿಕೊಳ್ಳಲಿಲ್ಲ. ಹೊಸ ಗಿರಾಕಿಗಳು ಮಾತ್ರ ಬರಲಿಲ್ಲ, ಎಲ್ಲರಿಗೂ ಪ್ಲಾಸ್ಟಿಕ್ಕೇ ಸಾಕಾಗಿತ್ತು. ಆದರೂ ನಾವಿಬ್ಬರೂ ಭಾನುವಾರ ಬಿಡಲಿಲ್ಲ.

ಕಡೆಕಡೆಗೆ ಅವರ ಕಿವಿ ಪೂರ್ತಿ ಹೋಯಿತು. ರೇಡಿಯೋ ಹಾಕಿ, ಯಾವ ಗಿರಾಕಿಯೂ ಕೇಳದೆಯೇ ಕಟ್ಟಿದ ಕೊನೆಯ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೂರುತ್ತಿದ್ದರು. "ಗಂಡಸು ವಾರ್ತೆ ಓದ್ತಾವ್ನೆ" ಅಂದರೆ ಸರಿಯಾಗಿರುತ್ತಿತ್ತು. ಹೆಂಗಸು ಮಾತಾಡಿದರೆ ಮಾತ್ರ ಆ ಸಣ್ಣ ದನಿಗೆ ಹಲಗೆ ನಡುಗದೆ, "ಆಫ್ ಆಯ್ತಾ?" ಎಂದು ನನ್ನ ಮುಖ ನೋಡುತ್ತಿದ್ದರು. ಹಾಗಾದರೆ ನನ್ನ ದನಿಯೂ ಅವರಿಗೆ ತಲುಪುವುದಿಲ್ಲ ಎಂದು ಆಗ ಅರ್ಥವಾಯಿತು.

ಅವರ ಹಳೇ ಮೈಕನ್ನು ಪೆಟ್ಟಿಗೆಗೆ ಸಿಕ್ಕಿಸಿದೆ. ಕೆಲಸದಿಂದ ಬಂದ ಕೂಡಲೇ ದನಿ ತಗ್ಗಿಸಿ, ಗಂಡಸಿನಂತೆ ಗಂಟಲಾಳದಿಂದ, "ಊಟ ಆಯ್ತಾ ತಾತ?" ಅನ್ನುತ್ತಿದ್ದೆ. ದಿನವೂ ಅದೊಂದೇ ಮಾತು. ಹಲಗೆ ನಡುಗುತ್ತಿತ್ತು. "ಆಯ್ತು ಕಣವ್ವ, ನಿಂದು?" ಅನ್ನುತ್ತಿದ್ದರು.

ತಾತ ಹೋದ ಮೇಲೆ ಗಂಡನ ಮನೆಯಿಂದ ಬಂದ ಅವರ ಮಗಳು ಆ ಪೆಟ್ಟಿಗೆಯನ್ನು ನನಗೇ ಕೊಟ್ಟರು. ಈಗಿನ ಬಾಡಿಗೆ ಮನೆಯಲ್ಲಿ ಅದಕ್ಕೇ ಅರ್ಧ ಜಾಗ ಬೇಕು. ಕೆಲವು ಸಂಜೆ ಬೀಗ ತೆಗೆದು ಬಂದವಳೇ ಮೈಕ್ ಹಿಡಿದು "ಊಟ ಆಯ್ತಾ?" ಅನ್ನುತ್ತೇನೆ. ಹಲಗೆಯ ಮೇಲಿಟ್ಟ ಅಂಗೈಗೆ ಅದು ತಿಳಿಯುತ್ತದೆ. "ಇನ್ನೂ ಇಲ್ಲ ತಾತ" ಎಂದು ನಾನೇ ಹೇಳಿ, ಮುದ್ದೆಗೆ ಎಸರಿಡುತ್ತೇನೆ.